ಬಿಡದೆ ಹಿಡಿದುಕೊಂಡ ಮುಂದಿನ ಬ್ರೇಕು: ಹಳೇ ಎಂಜಿಬಿಯ ಕ್ಯಾಲಿಪರ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಶಿರಸಿಯಿಂದ ಕುಮಟೆಗೆ ಇಳಿಯುತ್ತಿದ್ದೆವು. ದೇವಿಮನೆ ಘಟ್ಟ ಮುಗಿದು ಕತಗಾಲ ಇನ್ನೇನು ಬಂತು ಅನ್ನುವಾಗ, ಕವಳ ಉಗುಳಲೆಂದು ತಲೆ ಹೊರಗೆ ಹಾಕಿದ ಭಾವ ಹಾಗೇ ಮೂಗು ಅರಳಿಸಿದ. “ಎಂತದೋ ಸುಟ್ಟ ವಾಸ್ನೆ ಬರ್ತಾ ಇದ್ದು, ಭಾವ. ನಿಲ್ಸು.” ಇಳಿದು ನೋಡಿದರೆ ಎಡಗಡೆಯ ಮುಂದಿನ ಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಝಳ. ಬಲಗಡೆಯದು ಬೆಚ್ಚಗಿತ್ತು ಅಷ್ಟೆ. ಭಾವ ನೀರಿನ ಬಾಟಲಿ ಹಿಡಿದು ಓಡಿ ಬಂದ, ತಡೆದೆ. ಕಾದ ಬೀಡು ಕಬ್ಬಿಣದ ಡಿಸ್ಕಿನ ಮೇಲೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ರಸ್ತೆ ಬದಿಯ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತೆವು. ಅವನ ಇನ್ನೊಂದು ಕವಳ ಮುಗಿಯುವ ಹೊತ್ತಿಗೆ ಚಕ್ರ ತಾನಾಗಿ ಸಡಿಲವಾಗಿತ್ತು. ಕಾರವಾರದವರೆಗೆ ಗೇರಿನಲ್ಲೇ ವೇಗ ತಗ್ಗಿಸುತ್ತ, ಬ್ರೇಕು ಮುಟ್ಟಿಯೂ ಮುಟ್ಟದ ಹಾಗೆ ಬಂದೆ.

“ತಾನಾಗಿ ಸಡಿಲವಾಗಿತ್ತು” ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ. ಆ ಮರೆವಿಗೆ ಎರಡು ಭಾನುವಾರ ಹೋಯಿತು.

ಗಾಡಿ 1970ರ ಎಂಜಿಬಿ ಸ್ಪೋರ್ಟ್ಸ್ ಕಾರು. ಎರಡು ಸೀಟು, 1798 ಸಿಸಿ, ಮಡಚುವ ಟಾಪು. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿಯ ಗಾಡಿಗಳು ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಆದ್ದರಿಂದಲೇ ಇವತ್ತಿಗೂ ಸೀಲು, ಪಿಸ್ಟನ್, ಹೋಸು ಎಲ್ಲ ಹೊಸದಾಗಿ ಸಿಗುತ್ತವೆ, ತರಿಸಿಕೊಳ್ಳುವ ತಾಳ್ಮೆ ಬೇಕು. ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಡಿಸ್ಕು ಅಂದರೆ ಚಕ್ರದ ಜೊತೆ ತಿರುಗುವ ಬಿಲ್ಲೆ; ಕ್ಯಾಲಿಪರ್ ಎಂಬ ಹಿಡಿಕೆ ತನ್ನ ಪಿಸ್ಟನ್ನುಗಳಿಂದ ಎರಡು ಪ್ಯಾಡುಗಳನ್ನು ಅದಕ್ಕೆ ಒತ್ತಿ ನಿಲ್ಲಿಸುತ್ತದೆ. ನನ್ನದರಲ್ಲಿ ಕಾಲಿನ ಬಲ ಹೆಚ್ಚಿಸುವ ಸರ್ವೊ ಇಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕಿಟ್ಟು, ಅಂದರೆ ಎಲ್ಲಿ ಸೋರಿದರೂ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ನನ್ನ ಕೈಗೆ ಬರುವ ಮೊದಲು ಗೋವಾದ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ತಾಡಪಾಲು ಹೊದ್ದು ನಿಂತಿತ್ತು. ಓಡುವ ಗಾಡಿಗಿಂತ ನಿಂತ ಗಾಡಿಯ ಬ್ರೇಕು ಬೇಗ ಕೆಡುತ್ತದೆ. ನಮ್ಮ ಕರಾವಳಿಯಲ್ಲಂತೂ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಉಳಿದ ದಿನ ಉಪ್ಪುಗಾಳಿ. ಗೇಟಿನ ಚಿಲಕವೇ ಮೂರು ವರ್ಷ ಬಾಳುವುದಿಲ್ಲ.

ಎಳೆತ ಯಾವ ಕಡೆಗೆ, ಯಾವಾಗ

ಜ್ಯಾಕ್ ಹಾಕುವ ಮೊದಲು ಸ್ಟೇರಿಂಗ್ ಏನು ಹೇಳುತ್ತದೆ ಎಂದು ಕೇಳಿ. ಬ್ರೇಕು ಒತ್ತಿದಾಗ ಗಾಡಿ ಬಲಕ್ಕೆ ಎಳೆದರೆ ಬಲಗಡೆಯ ಬ್ರೇಕು ಸರಿಯಾಗಿ ಹಿಡಿಯುತ್ತಿದೆ, ಕಾಯಿಲೆ ಎಡಗಡೆಯದು. ಬಹಳ ಜನ ಇದನ್ನು ತಿರುವುಮುರುವು ಮಾಡಿಕೊಂಡು, ಚೆನ್ನಾಗಿದ್ದ ಕ್ಯಾಲಿಪರನ್ನೇ ಬಿಚ್ಚಿ ಕೂರುತ್ತಾರೆ. ಬ್ರೇಕು ಬಿಟ್ಟ ಮೇಲೂ ಎಳೆಯುತ್ತಿದ್ದರೆ ಲೆಕ್ಕ ನೇರ: ಯಾವ ಕಡೆಗೆ ಎಳೆಯುತ್ತದೋ ಆ ಕಡೆಯ ಚಕ್ರ ಹಿಡಿದುಕೊಂಡಿದೆ.

ನನ್ನ ಗಾಡಿ ಎರಡನ್ನೂ ಮಾಡುತ್ತಿತ್ತು. ಒತ್ತಿದ ಕೂಡಲೇ ತುಸು ಬಲಕ್ಕೆ, ಬಿಟ್ಟ ಮೇಲೆ ಎಡಕ್ಕೆ. ಘಟ್ಟದ ತಿರುವುಗಳಲ್ಲಿ ರಸ್ತೆಯೇ ಅತ್ತಿತ್ತ ಓಲುವುದರಿಂದ ನಾನು ಅದನ್ನು ರಸ್ತೆಯ ಮೇಲೆ ಹಾಕಿದ್ದೆ. ಅದರ ಅರ್ಥ ಇಷ್ಟೇ: ಎಡಗಡೆಗೆ ಒತ್ತಡ ತಡವಾಗಿ ಹೋಗುತ್ತಿದೆ, ಹೋದದ್ದು ತಡವಾಗಿ ವಾಪಸು ಬರುತ್ತಿದೆ. ಜಾಮ್ ಆದ ಪಿಸ್ಟನ್ ಅರ್ಧ ಗಂಟೆ ಕಾದು ತಾನಾಗಿ ಸಡಿಲವಾಗುವುದು ಅಪರೂಪ. ದಾರಿಯಲ್ಲೇ ಏನೋ ಅಡ್ಡ ಇದ್ದರೆ ಮಾತ್ರ ಹೀಗೆ.

ಬೇರೆ ಲಕ್ಷಣಗಳ ಬಗ್ಗೆ ಚುಟುಕಾಗಿ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗೆ ಜಾರುತ್ತ ಹೋದರೆ ಎಲ್ಲೋ ಸೋರಿಕೆ, ಹೊರಗೆ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗೆ. ಮೊದಲ ಒತ್ತಿಗೆ ಆಳಕ್ಕೆ ಹೋಗಿ ಎರಡನೆಯದಕ್ಕೆ ಸರಿಯಾಗಿ ನಿಂತರೆ, ಹಿಂದಿನ ಡ್ರಮ್ಮಿನ ಅಡ್ಜಸ್ಟ್‌ಮೆಂಟ್ ನೋಡಿ, ಆಮೇಲೆ ಮುಂದಿನ ಚಕ್ರದ ಬೇರಿಂಗ್ ಆಡುತ್ತದೆಯೇ ನೋಡಿ. ಬೇರಿಂಗ್ ಸಡಿಲವಿದ್ದರೆ ಅಲುಗಾಡುವ ಡಿಸ್ಕು ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿರುತ್ತದೆ. ನಾಲ್ಕೂ ಚಕ್ರ ಒಟ್ಟಿಗೆ ಹಿಡಿದುಕೊಂಡರೆ ಕ್ಯಾಲಿಪರಿನ ಗೊಡವೆಗೆ ಹೋಗಬೇಡಿ. ಪೆಡಲಿನ ರಾಡಿಗೂ ಮಾಸ್ಟರ್ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಬೇಕು. ಅದಿಲ್ಲದಿದ್ದರೆ ಬ್ರೇಕ್ ಆಯಿಲ್ ಡಬ್ಬಿಗೆ ಮರಳುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ.

ನಿಪ್ಪಲ್ ಪರೀಕ್ಷೆ

ನಾನು ಮಾಡಿದ್ದು ಹೀಗೆ. ಮೊದಲ ಭಾನುವಾರ ನೇರವಾಗಿ ಎಡಗಡೆಯ ಕ್ಯಾಲಿಪರ್ ಬಿಚ್ಚಿದೆ. ಪಿಸ್ಟನ್ನಿನ ಮೇಲೆ ತುಕ್ಕಿನ ಕುಳಿಗಳು ಕಂಡವು. “ಸಿಕ್ಕಿಬಿದ್ದ ಕಳ್ಳ” ಅಂದುಕೊಂಡು ಹೊಸ ಪಿಸ್ಟನ್, ಹೊಸ ಸೀಲು ಹಾಕಿ ಜೋಡಿಸಿದೆ. ಸಂಜೆ ಕೋಡಿಬಾಗದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದವರೆಗೆ ಹೋಗಿ ಬಂದೆ. ಮೂರು ಸಲ ಗಟ್ಟಿಯಾಗಿ ಬ್ರೇಕು ಹೊಡೆದೆನೋ ಇಲ್ಲವೋ, ಅದೇ ಎಡಗಡೆ, ಅದೇ ವಾಸನೆ.

ಮಾರನೆಯ ದಿನ ನಮ್ಮ ಕಡೆಯ ಒಬ್ಬ ಹಳೇ ಮಿಸ್ತ್ರಿಯ ಹತ್ತಿರ ಹೋದೆ. ಅಂಬಾಸಿಡರ್ ಕಾಲದಿಂದ ಬ್ರೇಕು ಬಿಚ್ಚಿದ ಕೈ. ಗಾಡಿ ನೋಡಲು ಏಳಲೂ ಇಲ್ಲ. ಚಾ ಕುಡಿಯುತ್ತಲೇ ಕೇಳಿದರು: “ನಿಪ್ಪಲ್ ಸಡಿಲ ಮಾಡಿ ನೋಡಿದ್ರಾ ಮೊದ್ಲು?” ಇಲ್ಲ ಅಂದೆ. “ಮತ್ತೆ ಎಂತಕ್ಕೆ ಬಿಚ್ಚಿದ್ರಿ ಮಾರಾಯ್ರಾ?”

ನಿಪ್ಪಲ್ ಅಂದರೆ ಆಯಿಲನ್ನೂ ಗಾಳಿಯನ್ನೂ ಹೊರಬಿಡಲು ಕ್ಯಾಲಿಪರಿನಲ್ಲಿರುವ ಸಣ್ಣ ತಿರುಪು. ಪರೀಕ್ಷೆ ಐದು ನಿಮಿಷದ್ದು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರಿಯ ಜ್ಯಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಪೆಡಲನ್ನು ನಾಲ್ಕೈದು ಸಲ ಗಟ್ಟಿಯಾಗಿ ಒತ್ತಿ ಬಿಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಹಿಡಿದುಕೊಂಡಿದ್ದರೆ ಆ ಕ್ಯಾಲಿಪರಿನ ನಿಪ್ಪಲ್ಲಿಗೆ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟು, ಕಾಲು ಸುತ್ತು ತೆರೆಯಿರಿ. ಚಿಳ್ಳೆಂದು ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡಿತೇ? ಹಾಗಾದರೆ ಪಿಸ್ಟನ್ನಿನ ತಪ್ಪಲ್ಲ, ಒತ್ತಡ ಮೇಲಿನಿಂದ ಸಿಕ್ಕಿಕೊಂಡಿದೆ. ಏನೂ ಚಿಮ್ಮದೆ ಚಕ್ರ ಹಾಗೇ ಬಿಗಿಯಾಗಿದ್ದರೆ ತೊಂದರೆ ಕ್ಯಾಲಿಪರಿನಲ್ಲೇ.

ಒತ್ತಡ ಸಿಕ್ಕಿಕೊಂಡಿದೆ ಎಂದು ಗೊತ್ತಾದ ಮೇಲೆ ಎಲ್ಲಿ ಎಂದು ಹುಡುಕಬೇಕು. ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಚಕ್ರವನ್ನು ಹಿಡಿಸಿ. ಈ ಸಲ ಚಾಸಿಯ ಬ್ರ್ಯಾಕೆಟ್ಟಿನ ಹತ್ತಿರ, ಉಕ್ಕಿನ ಪೈಪು ರಬ್ಬರ್ ಹೋಸಿಗೆ ಸೇರುವ ಜಾಯಿಂಟನ್ನು ಸಡಿಲಿಸಿ. ಅಲ್ಲಿ ಬಿಟ್ಟುಕೊಂಡರೆ ಅಡ್ಡ ಇರುವುದು ಇನ್ನೂ ಮೇಲೆ, ಪೈಪಿನಲ್ಲೋ ಮಾಸ್ಟರಿನಲ್ಲೋ. ಅಲ್ಲಿ ಸಡಿಲಿಸಿಯೂ ಚಕ್ರ ಬಿಡದೆ, ನಿಪ್ಪಲ್ಲಿನಲ್ಲಿ ಮಾತ್ರ ಬಿಟ್ಟರೆ, ಅಪರಾಧಿ ನಡುವಿನ ಹೋಸು. ನನ್ನದು ಅದೇ.

ಹೊರಗಿನಿಂದ ಆ ಹೋಸು ನುಣ್ಣಗೆ, ಕಪ್ಪಗೆ, ಒಂದು ಬಿರುಕಿಲ್ಲದೆ ಇತ್ತು. ಕಿತ್ತು ತೆಗೆದು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ಪದರ ಹಣ್ಣಾದ ಹುಣಸೆಯ ಸಿಪ್ಪೆಯ ಹಾಗೆ ನೂಲಿನ ಹೆಣಿಗೆಯಿಂದ ಬಿಟ್ಟುಕೊಂಡು, ಒಂದು ಕಡೆ ನಾಲಿಗೆಯಂತೆ ಎದ್ದು ನಿಂತಿತ್ತು. ಕಾಲಿನ ಬಲಕ್ಕೆ ಆ ನಾಲಿಗೆ ಮಲಗಿ ದಾರಿ ಕೊಡುತ್ತದೆ. ವಾಪಸು ತಳ್ಳಬೇಕಾದದ್ದು ಪಿಸ್ಟನ್ನಿನ ಸೀಲಿನ ಒಂದಿಷ್ಟು ಸೆಳೆತ ಮಾತ್ರ, ಅಷ್ಟಕ್ಕೆ ನಾಲಿಗೆ ಎದ್ದು ಬಾಗಿಲು ಹಾಕುತ್ತದೆ. ಅರ್ಧ ಗಂಟೆಯಲ್ಲಿ ಸಂದಿಯಿಂದ ಜಿನುಗಿ ಜಿನುಗಿ ಒತ್ತಡ ಇಳಿಯುತ್ತದೆ. ಕತಗಾಲದ ಕಟ್ಟೆಯ ಮೇಲೆ ನಾವು ಕಾದದ್ದು ಇದಕ್ಕೆ.

ಹೋಸು ಬಿಚ್ಚುವಾಗ ಮೊದಲು ಬ್ರ್ಯಾಕೆಟ್ಟಿನ ಕಡೆ ಉಕ್ಕಿನ ಪೈಪಿನ ನಟ್ಟು, ಆಮೇಲೆ ಲಾಕ್ ನಟ್ಟು, ಕೊನೆಗೆ ಕ್ಯಾಲಿಪರಿನ ತುದಿ. ಉಲ್ಟಾ ಮಾಡಿದರೆ ಹೋಸು ಹಗ್ಗದಂತೆ ತಿರುಚಿಕೊಳ್ಳುತ್ತದೆ. ಹೊಸದನ್ನು ಹಾಕುವಾಗ ಕ್ರಮ ಹಿಂದುಮುಂದು. ತಾಮ್ರದ ವಾಷರ್ ಇದ್ದ ಕಡೆ ಹೊಸ ವಾಷರೇ ಹಾಕಿ. ಸ್ಟೇರಿಂಗನ್ನು ಎರಡೂ ತುದಿಗೆ ತಿರುಗಿಸಿ ಟೈರಿಗೆ ತಾಗುತ್ತದೆಯೇ ನೋಡಿ. ಒಂದು ಬದಿ ಹೋಗಿದ್ದರೆ ಇನ್ನೊಂದು ಬದಿಯದಕ್ಕೂ ಅಷ್ಟೇ ವಯಸ್ಸು, ಅದನ್ನೂ ಬದಲಿಸಿ.

ಇಲ್ಲೊಂದು ಎಚ್ಚರ. ಬ್ರಿಟಿಷ್ ಗಾಡಿಯ 3/8 ಇಂಚಿನ ಯುಎನ್ಎಫ್ (ಇಂಚಿನ ಅಳತೆಯ) ತಿರುಪಿನ ಥ್ರೆಡ್ಡಿಗೂ ನಮ್ಮಲ್ಲಿ ಎಲ್ಲ ಅಂಗಡಿಯಲ್ಲಿ ಸಿಗುವ 10 ಮಿ.ಮೀ. ಥ್ರೆಡ್ಡಿಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. 3/8 ಅಂದರೆ 9.5 ಮಿ.ಮೀ. ಚಿಲ್ಲರೆ. ಅದು 10ರ ತೂತಿನಲ್ಲಿ ಸಲೀಸಾಗಿ ಹೊಕ್ಕು, ಬಿಗಿಯಾದ ಹಾಗೆಯೂ ಅನ್ನಿಸಿ, ಜೋರಾಗಿ ಬ್ರೇಕು ಒತ್ತಿದ ದಿನ ಕಿತ್ತು ಬರಬಹುದು. ಒಂದೇ ಸರ್ಕಿಟ್ಟಿನ ಗಾಡಿಯಲ್ಲಿ ಆ ದಿನ ಯಾವ ಘಟ್ಟದಲ್ಲಿದ್ದೀರಿ ಎಂಬುದಷ್ಟೇ ಪ್ರಶ್ನೆ.

ಕ್ಯಾಲಿಪರ್ ಬಿಚ್ಚಲೇಬೇಕಾದಾಗ

ನನ್ನ ಎಡಗಡೆಯ ಪಿಸ್ಟನ್ ಮೂಲ ಕಾರಣವಲ್ಲದಿದ್ದರೂ ಬದಲಿಸಬೇಕಾದದ್ದೇ ಆಗಿತ್ತು. ಎರಡನೆಯ ಭಾನುವಾರ ಬಲಗಡೆಯದನ್ನೂ ಬಿಚ್ಚಿದೆ. ಒಂದೇ ಬದಿ ಹೊಸದು ಮಾಡಿದರೆ ಆ ಬದಿಗೆ ಎಳೆತ ತಪ್ಪುವುದಿಲ್ಲ.

ಪ್ಯಾಡು ತೆಗೆಯುವಾಗ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕಟ್ಟಿ ಎಸೆಯಿರಿ.

ಪಿಸ್ಟನ್ ಹೊರಗೆ ತರಲು ಅತ್ಯಂತ ಸುಲಭದ ಉಪಾಯ ಗಾಡಿಯ ಪೆಡಲೇ. ಅದಕ್ಕೆ ಹೋಸು ಕಳಚುವ ಮೊದಲೇ ಯೋಚಿಸಬೇಕು. ಕ್ಯಾಲಿಪರನ್ನು ಡಿಸ್ಕಿನಿಂದ ಬಿಡಿಸಿ, ಹೋಸಿಗೆ ಭಾರ ಬೀಳದಂತೆ ತಂತಿಯಲ್ಲಿ ನೇತುಹಾಕಿ, ಯಾರಾದರೂ ಮೆಲ್ಲಗೆ ಪೆಡಲ್ ಒತ್ತಲಿ. ಎರಡರಲ್ಲಿ ಸಡಿಲವಿರುವ ಪಿಸ್ಟನ್ ಮೊದಲು ಹೊರಡುತ್ತದೆ. ಅದನ್ನು ಸಿ-ಕ್ಲಾಂಪಿನಿಂದ ಹಿಡಿದಿಟ್ಟರೆ ಮೊಂಡು ಪಿಸ್ಟನ್ ಹೊರಡಲೇಬೇಕು. ಕಂಪ್ರೆಸರ್ ಗಾಳಿ ಬಿಟ್ಟರೂ ಬರುತ್ತದೆ, ಆದರೆ ಬಂದೂಕಿನ ಗುಂಡಿನ ಹಾಗೆ ಬರುತ್ತದೆ. ನಡುವೆ ಮರದ ತುಂಡು ಇಟ್ಟು, ಗಾಳಿಯನ್ನು ತೀರಾ ಕಡಿಮೆ ಬಿಟ್ಟು, ಬೆರಳನ್ನು ದೂರ ಇಟ್ಟುಕೊಳ್ಳಬೇಕು. ನನಗೆ ಆ ದಾರಿ ಇಷ್ಟವಿಲ್ಲ. ಗ್ರೀಸ್ ಗನ್ನಿನಿಂದ ತಳ್ಳುವುದು ಕೊಳಕು ಕೆಲಸ, ಆದರೂ ವಾಸಿ. ಗ್ರೀಸಿನಲ್ಲಿ ಗಾಳಿಯ ಹಾಗೆ ಒತ್ತಡ ಕೂಡಿಟ್ಟಿರುವುದಿಲ್ಲ. ಆಮೇಲೆ ಒಂದು ಚೂರೂ ಉಳಿಯದಂತೆ ತೊಳೆಯಬೇಕು ಅಷ್ಟೆ.

ಈಗ ಬಹಳ ಜನ ಎಡವುವ ಜಾಗ. ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರಿನಲ್ಲಿ ರಬ್ಬರ್ ಪಿಸ್ಟನ್ನಿನ ಜೊತೆ ಓಡಾಡುತ್ತದೆ, ಆದ್ದರಿಂದ ಅಲ್ಲಿ ಸಿಲಿಂಡರಿನ ಒಳಮೈ ಕನ್ನಡಿಯ ಹಾಗಿರಬೇಕು. ಕ್ಯಾಲಿಪರಿನಲ್ಲಿ ಇದು ತಿರುಗಾಮುರುಗಾ. ಇಲ್ಲಿ ಸೀಲು ಒಳಮೈಯ ತೋಡಿನಲ್ಲಿ ಕೂತೇ ಇರುತ್ತದೆ, ಓಡಾಡುವುದು ಪಿಸ್ಟನ್. ಹಾಗಾಗಿ ನುಣುಪಾಗಿರಬೇಕಾದದ್ದು ಪಿಸ್ಟನ್ನಿನ ಹೊರಮೈ. ಒಳಮೈಯಲ್ಲಿ ನಾಲ್ಕು ಕಲೆ ಇದ್ದರೆ ಕ್ಯಾಲಿಪರ್ ಎಸೆಯಬೇಕಾಗಿಲ್ಲ. ಪಿಸ್ಟನ್ನಿನ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆದರೆ ಕ್ರೋಮ್ ಎದ್ದಿದೆ ಎಂದರ್ಥ. ಪಾಲಿಶ್ ಪೇಪರಿನಿಂದ ಉಜ್ಜಿ ಸುಧಾರಿಸುವ ಆಸೆ ಬಿಡಿ, ಕ್ರೋಮ್ ಹೋದ ಕಡೆ ಮತ್ತೆ ತುಕ್ಕು ಬರುತ್ತದೆ. ನಾನು ಸ್ಟೇನ್‌ಲೆಸ್ ಸ್ಟೀಲಿನ ಪಿಸ್ಟನ್ ಹಾಕಿದೆ. ಕಡಲ ಪಕ್ಕದವರಿಗೆ ಅದು ಶೋಕಿಯಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಆ ಸೀಲು ಕೂರುವ ತೋಡಿಗೆ. ಸೀಲಿನ ಅಡ್ಡಕೊಯ್ತ ಚೌಕ. ಬ್ರೇಕು ಒತ್ತಿದಾಗ ಪಿಸ್ಟನ್ನಿನ ಜೊತೆ ಅದು ಕೊಂಚ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆಳೆಯುವ ಬೇರೆ ಸ್ಪ್ರಿಂಗೇ ಇಲ್ಲ, ಇದೇ ಸ್ಪ್ರಿಂಗು. ತೋಡಿನ ತಳದಲ್ಲಿ ತುಕ್ಕು ಕೂತರೆ ಸೀಲು ಮೇಲೆ ಉಬ್ಬಿ ಪಿಸ್ಟನ್ನಿನ ಕುತ್ತಿಗೆ ಹಿಡಿಯುತ್ತದೆ. ಹೊಸ ಸೀಲು ಹಾಕಿಯೂ ಚಕ್ರ ಬಿಗಿ ಎನ್ನುವವರು ಬಹುಪಾಲು ಇಲ್ಲಿ ಅವಸರ ಮಾಡಿದವರು. ನಾನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಬಿದಿರಿನ ಕಡ್ಡಿಯನ್ನು ಚಪ್ಪಟೆಗೆ ಹೆರೆದುಕೊಂಡು, ಸ್ಪಿರಿಟ್ಟಿನಲ್ಲಿ ಅದ್ದಿ ಅದ್ದಿ ಸುತ್ತಲೂ ಕೆರೆದೆ, ಮೂಲೆಗೆ ಹಿತ್ತಾಳೆಯ ಬ್ರಷ್. ಒಂದೊಂದು ತೋಡಿಗೆ ಅರ್ಧ ಗಂಟೆ. ಬಿಳಿ ಬಟ್ಟೆ ಕೆಂಪಾಗುವುದು ನಿಂತ ಮೇಲೆ ಕೆಲಸ ಮುಗಿಯಿತು.

ತೊಳೆಯಲು ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಬೇಡ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲವನ್ನೂ ಅದರಲ್ಲೇ ಅದ್ದುವ ರೂಢಿ. ಬ್ರೇಕಿನ ರಬ್ಬರಿಗೆ ಖನಿಜ ತೈಲ ತಾಗಿದರೆ ಅದು ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ. ಸೀಲಿಗೆ ಸವರಲು ಹೊಸ ಬ್ರೇಕ್ ಆಯಿಲ್, ಇಲ್ಲವೇ ಕೆಂಪು ರಬ್ಬರ್ ಗ್ರೀಸು. ಬೇರಿಂಗಿನ ಗ್ರೀಸು ಕೂಡದು. “ಬ್ರೇಕ್ ಆಯಿಲ್” ಎಂಬ ಹೆಸರೇ ನಮ್ಮವರ ದಾರಿ ತಪ್ಪಿಸಿದೆ. ಅದು ಎಣ್ಣೆಯೇ ಅಲ್ಲ. ಆಯಿಲ್ ತಾನೇ ಎಂದು ಸ್ಟೇರಿಂಗ್ ಆಯಿಲ್ ಸುರಿದ ಗಾಡಿಯನ್ನು ನಾನೇ ನೋಡಿದ್ದೇನೆ. ಮಾಸ್ಟರಿನಿಂದ ವೀಲ್ ಸಿಲಿಂಡರಿನವರೆಗೆ ಒಂದು ರಬ್ಬರೂ ಉಳಿದಿರಲಿಲ್ಲ.

ಕ್ಯಾಲಿಪರಿನ ಎರಡು ಹೋಳುಗಳನ್ನು ಜೋಡಿಸಿದ ಬೋಲ್ಟುಗಳನ್ನು ಸುಮ್ಮನೆ ಬಿಚ್ಚಬೇಡಿ. ನಡುವೆ ಆಯಿಲ್ ದಾಟುವ ದಾರಿಗೊಂದು ಸಣ್ಣ ರಿಂಗ್ ಸೀಲಿದೆ. ಅದರ ಹೊಸ ಜೋಡಿ ಕೈಯಲ್ಲಿಲ್ಲದೆ ಬೇರ್ಪಡಿಸಿದರೆ ಗಾಡಿ ಅಲ್ಲೇ ಕೂರುತ್ತದೆ. ಪಿಸ್ಟನ್ ಒಳಗೆ ಹಾಕುವಾಗ ಹೆಬ್ಬೆರಳುಗಳ ಬಲವೇ ಸಾಕು. ನೆಟ್ಟಗಿದ್ದರೆ ಜಾರಿ ಹೋಗುತ್ತದೆ, ಸುತ್ತಿಗೆ ಕೇಳುತ್ತಿದೆ ಅಂದರೆ ಓರೆಯಾಗಿದೆ. ಧೂಳಿನ ಸೀಲನ್ನು ಹಿಡಿಯುವ ತಗಡಿನ ಬಳೆಯನ್ನು ಸುತ್ತಲೂ ಸಮನಾಗಿ ಒತ್ತಿ ಕೂರಿಸಿ. ಕ್ಯಾಲಿಪರನ್ನು ಗಾಡಿಗೆ ಹಿಡಿಸುವ ಮುಖ್ಯ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ, ಅಳತೆ ನಿಮ್ಮ ಗಾಡಿಯ ಕೈಪಿಡಿಯಲ್ಲಿರುತ್ತದೆ. ತಲೆಗೆ ಮಡಚುವ ಲಾಕ್ ತಗಡು ಹೊಸದಿರಲಿ.

ಮಾರುತಿಯಂಥ ಗಾಡಿಗಳ ಕ್ಯಾಲಿಪರಿನಲ್ಲಿ ಒಂದೇ ಕಡೆ ಪಿಸ್ಟನ್ನು, ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರುತ್ತದೆ. ಅಂಥದ್ದು ಹಿಡಿದುಕೊಂಡರೆ ಮೊದಲು ಆ ಪಿನ್ನುಗಳನ್ನೇ ನೋಡಿ. ಒಳಗಿನ ಪ್ಯಾಡು ಸವೆದು ಹೊರಗಿನದು ದಪ್ಪಗೇ ಉಳಿದಿದ್ದರೆ ಪಿನ್ನು ಒಣಗಿದೆ.

ಏರ್ ತೆಗೆಯುವುದು

ನನ್ನ ಗಾಡಿಯ ನಿಪ್ಪಲ್ಲಿನಿಂದ ಮೊದಲು ಬಂದ ಆಯಿಲ್ ಬೆಲ್ಲ ಹಾಕಿದ ಕಷಾಯದ ಬಣ್ಣದ್ದು. ಹೊಸದು ನೀರಿನಷ್ಟು ತಿಳಿ ಇರುತ್ತದೆ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ಗಾಳಿಯ ತೇವ ಹೀರುತ್ತವೆ. ಡಾಟ್ 4ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ಶೇ. 3.7ರಷ್ಟು ನೀರು ಸೇರಿದರೆ 155. ಉದ್ದದ ಘಟ್ಟದಲ್ಲಿ ಬ್ರೇಕಿನ ಮೇಲೇ ಇಳಿದರೆ ಆ ಶಾಖ ಏನೂ ದೂರವಿಲ್ಲ. ಕುದ್ದ ಜಾಗದಲ್ಲಿ ಆವಿ ಹುಟ್ಟುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಮಳೆ ಹೊಯ್ಯುವ ದಿನ ಈ ಕೆಲಸ ಬೇಡ. ಅರ್ಧ ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಎತ್ತಿಡುವುದೂ ಬೇಡ. ಡಾಟ್ 5 ಎಂಬ ಸಿಲಿಕೋನ್ ದ್ರವ ನೀರು ಹೀರುವುದಿಲ್ಲವೆಂದು ಕೆಲವರು ಹೊಗಳುತ್ತಾರೆ. ಒಳಗೆ ಬಂದ ನೀರು ಕರಗದೆ ಹನಿಯಾಗಿ ತಗ್ಗಿನಲ್ಲಿ ಕೂರುತ್ತದೆ, ಆ ತಗ್ಗು ಕ್ಯಾಲಿಪರ್. ನಮ್ಮೂರಿಗೆ ನನ್ನ ಮತ ಡಾಟ್ 4, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾವಣೆ.

ಪೆಡಲಿನ ಮೇಲೆ ಮಗಳು ಕೂತಳು. “ಒತ್ತು.” “ಒತ್ತಿದೆ.” ನಿಪ್ಪಲ್ ತೆರೆ, ಗುಳ್ಳೆ ನೋಡು, ಮುಚ್ಚು. “ಬಿಡು.” ನಾನು ಹೇಳುವ ಮೊದಲೇ ಅವಳು ಬಿಟ್ಟರೆ ಬಂದ ಗಾಳಿ ಒಳಗೇ ಹೋಗುತ್ತದೆ, ಆದ್ದರಿಂದ ಪ್ರತಿ ಸಲ ಬಾಯಿಬಿಟ್ಟು ಹೇಳುವ ಕಟ್ಟಳೆ ಮಾಡಿಕೊಂಡೆವು. ಮಾಸ್ಟರಿನಿಂದ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಮಾಸ್ಟರಿನ ಆಯಿಲ್ ಡಬ್ಬಿ ಬರಿದಾಗಲು ಬಿಡಬೇಡಿ. ಎಷ್ಟು ತೆಗೆದರೂ ಪೆಡಲ್ ಗಟ್ಟಿಯಾಗದಿದ್ದರೆ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯೇ ನೋಡಿ. ಎಡ-ಬಲ ಅದಲುಬದಲಾಗಿ ಕೂರಿಸಿದರೆ ನಿಪ್ಪಲ್ ಕೆಳಗೆ ಬಂದು, ಗಾಳಿ ಮೇಲೆ ಹಾಯಾಗಿ ಕೂತಿರುತ್ತದೆ. ಪೇಂಟಿನ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಸುರಿಯಿರಿ, ಒರೆಸಿದರೆ ಬಣ್ಣವೂ ಬರುತ್ತದೆ. ಮುಗಿದ ಮೇಲೆ ನಿಪ್ಪಲ್ಲಿಗೆ ರಬ್ಬರ್ ಟೋಪಿ ಹಾಕಿ. ಅದೊಂದಿಲ್ಲದೆ ತುಕ್ಕು ಹಿಡಿದು ಮುರಿದ ನಿಪ್ಪಲ್ ಕೀಳಲು ಲೇತಿನವನ ಮನೆ ಬಾಗಿಲಿಗೆ ಹೋದವರಲ್ಲಿ ನಾನೂ ಒಬ್ಬ.

ಗಾಡಿ ರಸ್ತೆಗಿಳಿಸುವ ಮೊದಲು ನಿಂತಲ್ಲೇ ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ ಹಿಡಿದು, ಪ್ರತಿ ಜಾಯಿಂಟಿಗೂ ಒಣ ಕಾಗದ ಒತ್ತಿ ನೋಡಿದೆ. ಆಮೇಲೆ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಮೆಲ್ಲಗೆ ತಗ್ಗಿಸುತ್ತ, ನಡುವೆ ಆರಲು ಬಿಡುತ್ತ ಹತ್ತು ಸಲ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಇಷ್ಟು ಬೇಕು.

ಎರಡು ವಾರ ಬಿಟ್ಟು ಭಾವನನ್ನೇ ಕೂರಿಸಿಕೊಂಡು ದೇವಿಮನೆ ಇಳಿದೆ. ಕತಗಾಲದಲ್ಲಿ ಅವನೇ ಮೊದಲು ಇಳಿದು ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದ. “ಎರಡೂ ಒಂದೇ ನಮ್ನಿ ಇದ್ದು.” ಆದರೆ ಬಲಗಡೆಯಿಂದ ನಿಧಾನಕ್ಕೆ ನಿಲ್ಲುವಾಗ ಕೀಂ ಎಂಬ ಸದ್ದು. ಈ ಕ್ಯಾಲಿಪರಿನ ಪಿಸ್ಟನ್ನಿನ ಮುಖದಲ್ಲಿ ಒಂದು ಕಡೆ ಕಡಿದ ಮೆಟ್ಟಿಲಿದೆ, ಅದು ಚಕ್ರದ ನಡುವಿನ ಹಬ್ ಕಡೆಗೆ ನೋಡುತ್ತಿರಬೇಕು. ಮನೆಗೆ ಬಂದು ಪ್ಯಾಡು ತೆಗೆದರೆ ಒಂದು ಪಿಸ್ಟನ್ ಸುಮಾರು ಇಪ್ಪತ್ತು ಡಿಗ್ರಿ ವಾರೆ ಕೂತಿತ್ತು. ತಿರುಗಿಸಿ ನೇರ ಮಾಡಿದೆ. ಸದ್ದು ಹೋಯಿತು.